ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ: ಈ ಚಿಕ್ಕ ಲ್ಯಾಪ್‌ಟಾಪನ್ನು ಇಟ್ಟುಕೊಳ್ಳಬೇಕೆ, ಹಿಂದಿರುಗಿಸಬೇಕೆ?

ಶಾಲೆಬಾಗಿಲು

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ತರಗತಿಯಿಂದ ತರಗತಿಗೆ ಹೊತ್ತೊಯ್ಯಲು ಅನುಕೂಲವಾಗಲೆಂದು ಇಪ್ಪತ್ತು ಸಾವಿರ ರೂಪಾಯಿಯೊಳಗಿನ ಒಂದು ಹಗುರ ಲ್ಯಾಪ್‌ಟಾಪನ್ನು ಇತ್ತೀಚೆಗೆ ತರಿಸಿಕೊಂಡಿದ್ದೇನೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಈ ಬೆಲೆಯ ಯಂತ್ರಗಳ ಒಡಲು ಹೆಚ್ಚುಕಡಿಮೆ ಒಂದೇ ಬಗೆಯದು: ಇಂಟೆಲ್ ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ ಅಗ್ಗದ ಸಂಗ್ರಹ ಚಿಪ್), 11.6 ಇಂಚಿನ 1366×768 ಪರದೆ, 38 ವ್ಯಾಟ್-ಅವರ್ ಬ್ಯಾಟರಿ ಮತ್ತು ವಿಂಡೋಸ್ 11 ಹೋಮ್, ಅದೂ ಎಸ್ ಮೋಡ್‌ನಲ್ಲಿ. ಫ್ಯಾನ್ ಇಲ್ಲ.

ನನ್ನ ತೊಂದರೆಗಳು ನಾಲ್ಕು. ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ನುಡಿ ತಂತ್ರಾಂಶವನ್ನು ಹಾಕಹೊರಟರೆ, ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳಿಗೆ ಮಾತ್ರ ಅವಕಾಶವೆಂಬ ಸಂದೇಶ ಬರುತ್ತದೆ. ನನ್ನ ಕಡತಗಳು ಎರಡು ಜಿಬಿಯಷ್ಟೂ ಇಲ್ಲದಿದ್ದರೂ ವಿಂಡೋಸ್ ಅಪ್‌ಡೇಟ್ ಜಾಗವಿಲ್ಲವೆಂದು ಅರ್ಧಕ್ಕೇ ನಿಲ್ಲುತ್ತದೆ. ಪ್ರೊಜೆಕ್ಟರ್‌ಗೆ ಜೋಡಿಸಿ ಯೂಟ್ಯೂಬ್ ಪಾಠಗಳನ್ನು ತೋರಿಸುವಾಗ ಧ್ವನಿ ಸರಾಗವಾಗಿ ಬಂದರೂ ಚಿತ್ರ ತಡವರಿಸುತ್ತದೆ. ಕೊನೆಯದಾಗಿ, ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತೆರೆದು ಜೊತೆಗೊಂದು ವರ್ಡ್ ಕಡತವನ್ನೂ ತೆರೆದರೆ, ಒಂದು ಕ್ಲಿಕ್ಕಿಗೆ ಹತ್ತು ಹದಿನೈದು ಸೆಕೆಂಡು ಕಾಯಬೇಕಾಗುತ್ತದೆ. ಹಿಂದಿರುಗಿಸುವ ಅವಧಿ ಇನ್ನೂ ಮುಗಿದಿಲ್ಲ. ಇದು ನನ್ನ ಕೈಗೆ ಬಂದ ಯಂತ್ರದ ದೋಷವೋ, ಈ ಜಾತಿಯ ಯಂತ್ರಗಳ ಇತಿಮಿತಿಯೋ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕು.

ಹಳೇಬೋರ್ಡು

ಮರುಯೋಚನೆಯಿಲ್ಲದೆ ಹಿಂದಿರುಗಿಸಿ. ಅದೇ ಹಣಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮ ಸಮೀಪದ ನಂಬಿಕಸ್ಥ ಅಂಗಡಿಯಲ್ಲಾಗಲಿ, ಕಚೇರಿಗಳಿಂದ ಹೊರಬಿದ್ದ ಎಂಟನೆಯ ತಲೆಮಾರಿನ ಐ5 ಲ್ಯಾಪ್‌ಟಾಪ್‌ಗಳು ಸಿಗುತ್ತವೆ. ಐ5-8250ಯು ಪ್ರೊಸೆಸರ್‌ಗೆ ನಾಲ್ಕು ಕೋರ್, ಎಂಟು ಥ್ರೆಡ್; ನಿಮ್ಮ ಎನ್4020ಕ್ಕೆ ಎರಡು ಕೋರ್, ಎರಡೇ ಥ್ರೆಡ್. ಎಂಟನೆಯ ತಲೆಮಾರು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿದೆ, ಮತ್ತು ಅಂಥ ಹಲವು ಮಾದರಿಗಳಲ್ಲಿ ರ‍್ಯಾಮನ್ನೂ ಎಸ್‌ಎಸ್‌ಡಿಯನ್ನೂ ನೀವೇ ಬದಲಿಸಬಹುದು.

ತಿರುಪುಳಿ

ಅಷ್ಟು ಅವಸರ ಬೇಡವೆಂದು ನನ್ನ ಅಭಿಪ್ರಾಯ. ಈ ನಾಲ್ಕು ತೊಂದರೆಗಳ ಬೇರು ಒಂದೇ ಅಲ್ಲ, ಎಲ್ಲವನ್ನೂ ಒಟ್ಟುಗೂಡಿಸಿ "ಯಂತ್ರ ನಿಧಾನ" ಎಂದು ತೀರ್ಮಾನಿಸಿದರೆ ವಾಸಿಯಾಗುವ ರೋಗವೂ ವಾಸಿಯಾಗದ ರೋಗವೂ ಒಂದೇ ಚೀಟಿಯಲ್ಲಿ ಬಂದಂತಾಗುತ್ತದೆ.

ನುಡಿಯ ವಿಷಯ ಅತ್ಯಂತ ಸುಲಭ, ಅದು ದೋಷವೇ ಅಲ್ಲ. ಎಸ್ ಮೋಡ್ ಎಂಬುದು ಸ್ಟೋರ್‌ನ ಹೊರಗಿನ ಯಾವ ತಂತ್ರಾಂಶವನ್ನೂ ಒಳಬಿಡದ ಬೇಲಿ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಎಂದು ಸಾಗಿದರೆ ಅದರಿಂದ ಹೊರಬರುವ ದಾರಿ ಕಾಣುತ್ತದೆ. ಇದಕ್ಕೆ ಹಣವಿಲ್ಲ, ಆದರೆ ಒಮ್ಮೆ ಹೊರಬಂದ ಮೇಲೆ ಮತ್ತೆ ಎಸ್ ಮೋಡ್‌ಗೆ ಹೋಗಲಾಗದು; ನಿಮ್ಮ ಬಳಕೆಗೆ ಅದರಿಂದ ನಷ್ಟವೇನೂ ಇಲ್ಲ. ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪಿಸುವುದಷ್ಟೇ ಆಗಿದ್ದರೆ ನುಡಿಯೂ ಬೇಕಿಲ್ಲ, ವಿಂಡೋಸ್‌ನೊಳಗೇ ಕನ್ನಡ ಫೋನೆಟಿಕ್ ಕೀಲಿಮಣೆ ಇದೆ. ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳು ನುಡಿಯ ಆಸ್ಕಿ ಫಾಂಟ್‌ಗಳಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಹಳೆಯ ಪದ್ಧತಿಯಲ್ಲಿ, ಇದ್ದರೆ ಮಾತ್ರ ಅವನ್ನು ಓದಲು ಮತ್ತು ಪರಿವರ್ತಿಸಲು ನುಡಿ ಬೇಕಾಗುತ್ತದೆ.

ಜಾಗದ ಕೊರತೆಯ ಲೆಕ್ಕ ಹೀಗಿದೆ. ತಯಾರಕರು 64 ಜಿಬಿ ಎಂದು ಎಣಿಸುವುದು ದಶಮಾಂಶ ಪದ್ಧತಿಯಲ್ಲಿ. ವಿಂಡೋಸ್‌ನ ಎಣಿಕೆಯಲ್ಲಿ ಅದು 59.6 ಜಿಬಿ. ಅದರಲ್ಲಿ ರಿಕವರಿ ವಿಭಾಗವೊಂದು ಪಾಲು ಪಡೆಯುತ್ತದೆ, ಅಪ್‌ಡೇಟ್‌ಗಳಿಗೆಂದು ವಿಂಡೋಸ್ ಕಾದಿರಿಸುವ ಜಾಗ ಸುಮಾರು 7 ಜಿಬಿ, ಮೇಲೆ ವಿಂಡೋಸ್, ರ‍್ಯಾಮ್ ಸಾಲದಾದಾಗ ಬಳಸುವ ಪೇಜ್‌ಫೈಲ್, ಯಂತ್ರ ಮಲಗುವಾಗ ಬರೆದಿಡುವ ಹೈಬರ್ನೇಶನ್ ಕಡತ. ಹೀಗಾಗಿ ಬಳಕೆದಾರ ಒಂದು ಫೋಟೋ ಕೂಡ ಇಡುವ ಮೊದಲೇ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ವಿಂಡೋಸ್ 11ರ ಕನಿಷ್ಠ ಅಗತ್ಯವೇ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ. ಅಂದರೆ ನಿಮ್ಮ ಯಂತ್ರ ಆ ಗೆರೆಯ ಮೇಲೆಯೇ ನಿಂತಿದೆ, ಗೆರೆ ದಾಟಿ ಒಂದಡಿಯೂ ಮುಂದಿಲ್ಲ.

ಪರಿಹಾರ ಇದೆ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸಿ, ತಯಾರಕರು ತುಂಬಿಸಿ ಕೊಟ್ಟ ಪ್ರಯೋಗಾವಧಿಯ ಆ್ಯಂಟಿವೈರಸ್ ಮತ್ತು ಆಟಗಳನ್ನು ತೆಗೆದುಹಾಕಿ, ಒನ್‌ಡ್ರೈವ್ ಬಳಸುತ್ತಿದ್ದರೆ ಕಡತಗಳು ಮೋಡದಲ್ಲಷ್ಟೇ ಉಳಿಯುವಂತೆ "ಫ್ರೀ ಅಪ್ ಸ್ಪೇಸ್" ಆಯ್ಕೆಯನ್ನು ಒತ್ತಿ. ಆಮೇಲೂ ದೊಡ್ಡ ಅಪ್‌ಡೇಟ್ ನಿಂತರೆ ಖಾಲಿ ಇರುವ 16 ಅಥವಾ 32 ಜಿಬಿ ಪೆನ್‌ಡ್ರೈವ್ ಸಿಕ್ಕಿಸಿ ಅಪ್‌ಡೇಟ್ ಪುಟದ "ಫಿಕ್ಸ್ ಇಶ್ಯೂಸ್" ಗುಂಡಿಯನ್ನು ಒತ್ತಿ; ಕೆಲಸ ನಡೆಯುವಷ್ಟು ಹೊತ್ತು ವಿಂಡೋಸ್ ಆ ಪೆನ್‌ಡ್ರೈವನ್ನು ಹೆಚ್ಚುವರಿ ಜಾಗವಾಗಿ ಬಳಸಿಕೊಳ್ಳುತ್ತದೆ. ಮುಗಿಯುವ ತನಕ ಅದನ್ನು ಕೀಳಬೇಡಿ.

ಯೂಟ್ಯೂಬ್ ತಡವರಿಸುವುದರ ಕಾರಣ ಕುತೂಹಲಕರವಾಗಿದೆ. ಎನ್4020ರ ಗ್ರಾಫಿಕ್ಸ್ ಭಾಗವು ಎಚ್.264, ಎಚ್‌ಇವಿಸಿ ಮತ್ತು ವಿಪಿ9 ಎಂಬ ಸಂಕೇತಗಳ (ಕೋಡೆಕ್) ವಿಡಿಯೋಗಳನ್ನು ಯಂತ್ರಾಂಶದಲ್ಲೇ ಬಿಡಿಸಬಲ್ಲದು, ಆದರೆ ಎವಿ1 ಎಂಬ ಹೊಸ ಸಂಕೇತಕ್ಕೆ ಅದರಲ್ಲಿ ವ್ಯವಸ್ಥೆಯಿಲ್ಲ. ಯೂಟ್ಯೂಬ್ ಎವಿ1 ಕಳುಹಿಸಿದಾಗ ಆ ಎರಡು ಕೋರ್‌ಗಳೇ ಎಲ್ಲವನ್ನೂ ಲೆಕ್ಕ ಹಾಕಬೇಕಾಗುತ್ತದೆ. ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ತೆರೆಯಿರಿ. ಕೋಡೆಕ್ಸ್ ಎಂಬ ಸಾಲು ಎವಿ01 ಎಂದು ಆರಂಭವಾದರೆ ರೋಗ ಸಿಕ್ಕಿತು. ವಿಪಿ09 ಅಥವಾ ಎವಿಸಿ1 ಎಂದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಯೂಟ್ಯೂಬ್ ಖಾತೆಯ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಎಸ್‌ಡಿ ಗುಣಮಟ್ಟಕ್ಕೆ ಮಾತ್ರ ಎವಿ1 ಎಂಬ ಆಯ್ಕೆಯನ್ನು ಒತ್ತಿದರೆ, 720ಪಿ ಮತ್ತು ಮೇಲಿನ ವಿಡಿಯೋಗಳು ವಿಪಿ9ನಲ್ಲಿ ಬರುತ್ತವೆ. ಬ್ರೌಸರ್‌ನ ಗ್ರಾಫಿಕ್ಸ್ ಆಕ್ಸೆಲರೇಶನ್ ಚಾಲೂ ಇದೆಯೇ ಎಂಬುದನ್ನೂ ಒಮ್ಮೆ ನೋಡಿ.

ಉಳಿದದ್ದು ನಾಲ್ಕನೆಯದು, ಈ ಯಂತ್ರದ ನಿಜವಾದ ದೌರ್ಬಲ್ಯ ಅಲ್ಲಿದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿ ಪುಟದಲ್ಲಿ ಕೆಳಗೆ "ಫಾರ್ಮ್ ಫ್ಯಾಕ್ಟರ್" ಎಂಬ ಸಾಲಿನ ಮುಂದೆ ಏನಿದೆಯೆಂದು ತಿಳಿಸಿ. ಎಸ್‌ಒಡಿಐಎಂಎಂ ಎಂದಿದ್ದರೆ ರ‍್ಯಾಮ್ ಕಡ್ಡಿಯನ್ನು ಬದಲಿಸಬಹುದು, ಈ ಪ್ರೊಸೆಸರ್ 8 ಜಿಬಿಯವರೆಗೆ ಒಪ್ಪುತ್ತದೆ. "ರೋ ಆಫ್ ಚಿಪ್ಸ್" ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸೆದಿದೆ, ಯಂತ್ರದ ಆಯುಷ್ಯವಿಡೀ 4 ಜಿಬಿಯೇ ಗತಿ. ಜೊತೆಗೆ, ಯಂತ್ರ ಸ್ತಬ್ಧವಾಗುವ ಹೊತ್ತಿನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಈ ಮೂರರಲ್ಲಿ ಯಾವುದು 100 ಪ್ರತಿಶತ ಮುಟ್ಟುತ್ತದೆಂಬುದನ್ನೂ ಗಮನಿಸಿ.

ಟರ್ಮಿನಲ್‌ವಾಸಿ

ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯವ್ಯವಸ್ಥೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇಂಥ ಯಂತ್ರದಲ್ಲಿ ವಿಂಡೋಸ್‌ಗಿಂತ ಹಗುರವಾಗಿ ನಡೆಯುತ್ತದೆ, ಜಾಗವೂ ಕಡಿಮೆ ಸಾಕು. ಕನ್ನಡಕ್ಕೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಸಿಗುವುದರಿಂದ ನುಡಿಯ ಕೀಲಿಮಣೆಗೆ ಒಗ್ಗಿದ ಬೆರಳುಗಳಿಗೆ ಕಷ್ಟವಾಗದು. ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ ವೈಫೈ, ಧ್ವನಿ, ಟಚ್‌ಪ್ಯಾಡ್ ಮೂರನ್ನೂ ಪರೀಕ್ಷಿಸಿ. ಇದೇ ಪ್ರೊಸೆಸರ್ ವರ್ಗದ ಕೆಲವು ಅಗ್ಗದ ಯಂತ್ರಗಳಲ್ಲಿ ಇಎಸ್8336 ಎಂಬ ಧ್ವನಿ ಚಿಪ್ ಇರುತ್ತದೆ, ಲಿನಕ್ಸ್‌ನ ತಿರುಳಾದ ಕರ್ನೆಲ್ ಹಳೆಯದಿದ್ದರೆ ಅದು ಸದ್ದೇ ಮಾಡುವುದಿಲ್ಲ. ಬಯೋಸ್‌ನಲ್ಲಿ (ಯಂತ್ರ ಆರಂಭವಾಗುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ಗೆ ಹಾಕಿದ ಬೀಗ) ಚಾಲೂ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಶಾಲೆಬಾಗಿಲು

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಎಸ್ ಮೋಡ್‌ನಿಂದ ಹೊರಬಂದೆ, ನುಡಿ ಕುಳಿತಿತು, ಹಳೆಯ ಕಡತಗಳೂ ತೆರೆದುಕೊಂಡವು. ಅಪ್‌ಡೇಟ್ ಪೆನ್‌ಡ್ರೈವ್‌ನ ನೆರವಿನಿಂದ ಮುಗಿಯಿತು, ಆದರೆ ಇಡೀ ಸಂಜೆಯನ್ನು ನುಂಗಿತು. ಯೂಟ್ಯೂಬ್‌ನಲ್ಲಿ ತಿರುಪುಳಿಯವರು ಹೇಳಿದಂತೆ ಎವಿ01 ಎಂದೇ ಇತ್ತು. ಆಯ್ಕೆ ಬದಲಿಸಿದ ಮೇಲೆ ಪ್ರೊಜೆಕ್ಟರ್‌ನಲ್ಲಿ 720ಪಿ ವಿಡಿಯೋ ಸಲೀಸಾಗಿ ಓಡುತ್ತಿದೆ.

ಆದರೆ ಫಾರ್ಮ್ ಫ್ಯಾಕ್ಟರ್ ಮುಂದೆ "ರೋ ಆಫ್ ಚಿಪ್ಸ್" ಎಂದಿದೆ. ಏನೂ ತೆರೆಯದಿದ್ದಾಗಲೇ ಸುಮಾರು ಎರಡೂವರೆ ಜಿಬಿ ಬಳಕೆಯಲ್ಲಿರುತ್ತದೆ. ಯಂತ್ರ ಸ್ತಬ್ಧವಾದಾಗ ಮೆಮೊರಿ 90 ಪ್ರತಿಶತ ದಾಟಿರುತ್ತದೆ, ಡಿಸ್ಕ್ 100 ಮುಟ್ಟಿ ಅಲ್ಲೇ ನಿಂತಿರುತ್ತದೆ, ಸಿಪಿಯು ಮಾತ್ರ ಅರ್ಧವೂ ಇರುವುದಿಲ್ಲ. ಹಾಗಾದರೆ ಹಳೇಬೋರ್ಡು ಅವರ ಮಾತನ್ನೇ ಕೇಳಬೇಕೆ? ಇನ್ನೊಂದು ಚಿಕ್ಕ ಪ್ರಶ್ನೆ: ವರ್ಡ್‌ನಲ್ಲಿ "ಶಾಸ್ತ್ರ", "ಸೂಕ್ಷ್ಮ" ಎಂಬಂಥ ಪದಗಳ ಒತ್ತಕ್ಷರಗಳು ಈ ಪರದೆಯಲ್ಲಿ ಮಸಿಯ ಚುಕ್ಕೆಗಳಂತೆ ಕಾಣುತ್ತವೆ. ಅದಕ್ಕೇನಾದರೂ ಉಪಾಯವಿದೆಯೇ?

ತಿರುಪುಳಿ

ನೀವು ಕೊಟ್ಟ ಅಂಕಿಗಳಿಂದ ಚಿತ್ರ ಸ್ಪಷ್ಟವಾಯಿತು. ಪ್ರೊಸೆಸರ್ ಬಳಲಿಲ್ಲ, ರ‍್ಯಾಮ್ ತುಂಬಿದೆ. ತುಂಬಿದಾಗ ವಿಂಡೋಸ್ ಬಳಸದ ಪುಟಗಳನ್ನು ಪೇಜ್‌ಫೈಲ್‌ಗೆ ಬರೆದು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಅಡುಗೆಕಟ್ಟೆ ಚಿಕ್ಕದಾದ ಮನೆಯಲ್ಲಿ ಪಾತ್ರೆಗಳನ್ನು ಪದೇ ಪದೇ ಅಟ್ಟಕ್ಕೆ ಹತ್ತಿಸಿ ಇಳಿಸಿದ ಹಾಗೆ. ನಿಮ್ಮಲ್ಲಿ ಆ ಅಟ್ಟವೂ ಇಎಂಎಂಸಿ. ಇಎಂಎಂಸಿ 5.1ರ ಗರಿಷ್ಠ ವೇಗ ಕಾಗದದ ಮೇಲೆ ಸೆಕೆಂಡಿಗೆ 400 ಎಂಬಿ, ದೊಡ್ಡ ಕಡತವನ್ನು ಒಂದೇ ಸಮ ಓದುವಾಗ ಅದು ಅಷ್ಟೇನೂ ಕೆಟ್ಟದಲ್ಲ. ಆದರೆ ಪೇಜ್‌ಫೈಲ್‌ನ ವ್ಯವಹಾರ ಚಿಕ್ಕ ಚಿಕ್ಕ ತುಣುಕುಗಳದ್ದು, ಓದುವುದೂ ಬರೆಯುವುದೂ ಒಟ್ಟೊಟ್ಟಿಗೆ ಬರುವಂಥದ್ದು. ಒಂದೇ ಕಾಲಕ್ಕೆ ಎರಡನ್ನೂ ಮಾಡಲಾರದ ಇಎಂಎಂಸಿ ಅಲ್ಲಿಯೇ ಸೋಲುತ್ತದೆ. ಆದ್ದರಿಂದ ಇದು ನಿಮ್ಮ ಯಂತ್ರದ ದೋಷವಲ್ಲ, ಬದಲಿಸಿ ಕೊಟ್ಟರೂ ಹೊಸದು ಹೀಗೆಯೇ ಇರುತ್ತದೆ.

ಬ್ರೌಸರ್‌ನಲ್ಲಿ ಮೆಮೊರಿ ಸೇವರ್ ಹಾಕಿ, ಯಂತ್ರದೊಂದಿಗೇ ಆರಂಭವಾಗುವ ಆ್ಯಪ್‌ಗಳನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಲ್ಲಿಸಿ, ಗೂಗಲ್ ಮೀಟ್‌ನಲ್ಲಿ ಹಿನ್ನೆಲೆ ಮಸುಕು ಮಾಡುವ ಸೌಲಭ್ಯವನ್ನು ಮುಟ್ಟಲೇಬೇಡಿ. ಇಷ್ಟರಿಂದ ಎರಡು ಮೂರು ಟ್ಯಾಬ್ ಮತ್ತು ಒಂದು ವರ್ಡ್ ಕಡತ ನೆಮ್ಮದಿಯಿಂದ ನಡೆಯುತ್ತವೆ. ಅದಕ್ಕಿಂತ ಹೆಚ್ಚನ್ನು ಈ ಯಂತ್ರದಿಂದ ಅಪೇಕ್ಷಿಸಬಾರದು.

ಹಳೇಬೋರ್ಡು ಅವರ ಸಲಹೆ ಶಕ್ತಿಯ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಅವರು ಹೇಳದೆ ಬಿಟ್ಟ ಒಂದು ಅಂಶವಿದೆ. ಎನ್4020 6 ವ್ಯಾಟ್‌ನ ಪ್ರೊಸೆಸರ್, ಐ5-8250ಯು 15 ವ್ಯಾಟ್‌ನದು. ನಿಮ್ಮ ಯಂತ್ರ ಪರದೆಯೂ ಸೇರಿ ಸರಾಸರಿ 6 ವ್ಯಾಟ್ ಬಳಸಿದರೆ 38 ವ್ಯಾಟ್-ಅವರ್‌ನ ಹೊಸ ಬ್ಯಾಟರಿ ಆರು ಗಂಟೆ ದಾಟಿಸುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಯಾವಾಗ ಹೋಗಿ ಯಾವಾಗ ಬರುತ್ತದೆಂಬುದು ನಿಮಗೇ ಗೊತ್ತು. ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರು ಹೆಚ್ಚಾಗಿ ಸವೆದ ಬ್ಯಾಟರಿಯನ್ನೂ ಕೊಳ್ಳುತ್ತಾರೆ. ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಸಾಮರ್ಥ್ಯ ಎರಡನ್ನೂ ಹೋಲಿಸದೆ ಹಣ ಕೊಡಬಾರದು. ಫ್ಯಾನ್ ಇಲ್ಲದಿರುವುದೂ ಶಾಲೆಯ ಧೂಳಿನಲ್ಲಿ ಒಂದು ವರವೇ. ಅದರ ಬೆಲೆಯೆಂದರೆ ಏಪ್ರಿಲ್ ಸೆಕೆಯಲ್ಲಿ ದೀರ್ಘ ಕೆಲಸ ಕೊಟ್ಟಾಗ 2.8 ಗಿಗಾಹರ್ಟ್ಸ್‌ನಿಂದ ವೇಗ ತಾನಾಗಿಯೇ ಇಳಿಯುತ್ತದೆ.

ಒತ್ತಕ್ಷರಗಳ ಮಾತಿಗೆ ಬರುವುದಾದರೆ, 768 ಸಾಲುಗಳ ಪರದೆಯಲ್ಲಿ 11 ಪಾಯಿಂಟ್‌ನ ಮೂರಂತಸ್ತಿನ ಒತ್ತಿಗೆ ದಕ್ಕುವ ಪಿಕ್ಸೆಲ್‌ಗಳೇ ಬೆರಳೆಣಿಕೆಯಷ್ಟು. ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟನ್ನು 14 ಪಾಯಿಂಟ್‌ಗೆ ಏರಿಸಿ, ಇಲ್ಲವೇ ವರ್ಡ್‌ನ ಝೂಮ್ ಅನ್ನು 130ರ ಸುಮಾರಿಗೆ ಇಟ್ಟುಕೊಂಡು ಬರೆಯಿರಿ, ಬಳಿಕ ಕ್ಲಿಯರ್‌ಟೈಪ್ ಹೊಂದಾಣಿಕೆಯನ್ನೂ ಒಮ್ಮೆ ನಡೆಸಿ. ಮುದ್ರಣದಲ್ಲಿ ಅಕ್ಷರ ಸ್ಪಷ್ಟವಾಗಿಯೇ ಬರುತ್ತದೆ.

ಹಳೇಬೋರ್ಡು

ಬ್ಯಾಟರಿಯ ಮಾತನ್ನು ಒಪ್ಪುತ್ತೇನೆ. ಆದರೂ ಇನ್ನೂ ಕೊಂಡಿರದವರು ಇದನ್ನು ಓದುತ್ತಿದ್ದರೆ, ಎನ್4020 ಬಿಟ್ಟು 2023ರಲ್ಲಿ ಬಂದ ಇಂಟೆಲ್ ಎನ್100 ಇರುವ, 8 ಜಿಬಿ ರ‍್ಯಾಮ್‌ನ ಯಂತ್ರಕ್ಕಾಗಿ ಸ್ವಲ್ಪ ಹೆಚ್ಚು ಹಣ ಕೂಡಿಸುವುದು ಒಳ್ಳೆಯದು. ಅದೂ 6 ವ್ಯಾಟ್‌ನದೇ, ಆದರೆ ನಾಲ್ಕು ಕೋರ್‌ಗಳಿವೆ, ಎವಿ1 ಬಿಡಿಸುವ ವ್ಯವಸ್ಥೆಯೂ ಇದೆ.

ಶಾಲೆಬಾಗಿಲು

ತರಗತಿಯಲ್ಲಿ ವಿಡಿಯೋ ತೋರಿಸುವುದು, ಪ್ರಶ್ನೆಪತ್ರಿಕೆ ಬರೆಯುವುದು ಇವೆರಡೇ ನನ್ನ ಮುಖ್ಯ ಕೆಲಸಗಳು, ಅಂಕಪಟ್ಟಿಯ ದೊಡ್ಡ ಕೆಲಸಕ್ಕೆ ಶಾಲೆಯ ಕಂಪ್ಯೂಟರ್ ಇದೆ. ಹಾಗಾಗಿ ಇದನ್ನೇ ಇಟ್ಟುಕೊಳ್ಳುತ್ತೇನೆ. ತಳಭಾಗದಲ್ಲಿ ಎರಡು ತಿರುಪುಗಳಿರುವ ಒಂದು ಪುಟ್ಟ ಮುಚ್ಚಳವಿದೆ, ಅದರೊಳಗೆ ಖಾಲಿ ಎಂ.2 ಕಿಂಡಿ ಕಾಣುತ್ತಿದೆ. ಅದಕ್ಕೆ ಯಾವ ಎಸ್‌ಎಸ್‌ಡಿ ಬೇಕಾದರೂ ಹಾಕಬಹುದೇ?

ತಿರುಪುಳಿ

ಯಾವುದು ಬೇಕಾದರೂ ಆಗುವುದಿಲ್ಲ. ಎಂ.2 ಎಂಬುದು ಕಿಂಡಿಯ ಆಕಾರವನ್ನಷ್ಟೇ ಹೇಳುತ್ತದೆ. ಒಳಗಿನ ಸಂಪರ್ಕ ಹಳೆಯ ಬಗೆಯ ಸಾಟಾ ಆಗಿರಬಹುದು, ಹೊಸ ಬಗೆಯ ಎನ್‌ವಿಎಂಇ ಆಗಿರಬಹುದು. ಈ ವರ್ಗದ ಎಷ್ಟೋ ಯಂತ್ರಗಳಲ್ಲಿ ಸಾಟಾ ಮಾತ್ರ ಇರುತ್ತದೆ, ಅಲ್ಲಿ ಎನ್‌ವಿಎಂಇ ಕಡ್ಡಿ ಹಾಕಿದರೆ ಬಯೋಸ್ ಅದನ್ನು ಗುರುತಿಸುವುದೇ ಇಲ್ಲ. ತಯಾರಕರ ಸರ್ವಿಸ್ ಕೈಪಿಡಿಯಲ್ಲಿ ನಿಮ್ಮ ಮಾದರಿಯ ಸಂಖ್ಯೆ ಹುಡುಕಿ, ಅಲ್ಲಿ ಬರೆದ ಬಗೆಯನ್ನೇ ಕೊಳ್ಳಿ. ಉದ್ದವನ್ನೂ ಅಳೆಯಿರಿ: 2242 ಎಂದರೆ 42 ಮಿಲಿಮೀಟರ್, 2280 ಎಂದರೆ 80. ಕಡ್ಡಿ ಕುಳಿತ ಮೇಲೆ ವಿಂಡೋಸನ್ನು ಹೊಸದಾಗಿ ಅದರ ಮೇಲೆಯೇ ಹಾಕಿ ಬಯೋಸ್‌ನಲ್ಲಿ ಬೂಟ್ ಕ್ರಮ ಬದಲಿಸಿದರೆ ಪೇಜ್‌ಫೈಲ್ ಕೂಡ ಅಲ್ಲಿಗೇ ಹೋಗುತ್ತದೆ, ಸ್ತಬ್ಧವಾಗುವ ಹೊತ್ತು ಸಾಕಷ್ಟು ತಗ್ಗುತ್ತದೆ. ಮುಚ್ಚಳದ ತಿರುಪಿನ ಮೇಲೆ ವಾರಂಟಿ ಚೀಟಿ ಅಂಟಿಸಿದ್ದರೆ ಅದನ್ನು ಕೀಳುವ ಮೊದಲು ಸೇವಾಕೇಂದ್ರದವರಿಂದ ಬರಹದಲ್ಲಿ ಒಪ್ಪಿಗೆ ಪಡೆದುಕೊಳ್ಳಿ.