ಮಣಿಕಟ್ಟಿಗೆ ದುರ್ಬೀನು ಆಪರೇಷನ್: ಮಾಡಿಸಿಕೊಂಡವರು ಹೇಳಿ

ಕಲಬುರಗಿಯಿಂದ ಪ್ರಶ್ನೆ: ಅವ್ವನಿಗೆ ಬಲಗೈ ಮಣಿಕಟ್ಟಲ್ಲಿ, ಕಿರುಬೆರಳಿನ ಕಡೆ ನೋವು. ರೊಟ್ಟಿ ಬಡಿಯಲು ಆಗುತ್ತಿಲ್ಲ, ಬಟ್ಟೆ ಹಿಂಡಲೂ ಆಗುತ್ತಿಲ್ಲ. ಎಂಆರ್‌ಐ ನೋಡಿ ಟಿಎಫ್‌ಸಿಸಿ, ಅಂದರೆ ಮಣಿಕಟ್ಟಿನೊಳಗೆ ಆ ಕಡೆ ಇರುವ ಮೆತ್ತನೆ ಗಾದಿ, ಹರಿದಿದೆ ಎಂದರು. ಪಟ್ಟಿ, ಇಂಜೆಕ್ಷನ್ ಎಲ್ಲ ಆಯ್ತು. ಈಗ ಆರ್ತ್ರೋಸ್ಕೋಪಿ, ಅಂದರೆ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್, ಅಂತಿದ್ದಾರೆ. ಸಣ್ಣ ತೂತಷ್ಟೇ, ಬೇಗ ಗುಣ ಆಗ್ತದೆ ಅಲ್ವಾ?

ಉತ್ತರ, ಶಹಾಬಾದಿನಿಂದ: ತೂತು ಸಣ್ಣದು ನಿಜ. ಆದರೆ ಬೇಗ ಗುಣವಾಗುವುದು ಒಳಗೆ ಏನು ಮಾಡುತ್ತಾರೆ ಎಂಬುದರ ಮೇಲಿದೆ ತಮ್ಮಾ. ಆ ಗಾದಿಯ ನಡುಭಾಗಕ್ಕೆ ರಕ್ತ ಹರಿಯುವುದಿಲ್ಲ. ಅಲ್ಲಿ ಹರಿದಿದ್ದರೆ ಸಾಮಾನ್ಯವಾಗಿ ಕತ್ತರಿಸಿ ಸಾಪಾಗಿಸುತ್ತಾರೆ, ಕೈಯಾಡಿಸುವುದು ಬೇಗ ಶುರು. ಅಂಚಿನಲ್ಲಿ ಹರಿದಿದ್ದರೆ ಹೊಲಿಗೆ. ನನಗೆ ಹೊಲಿಗೆಯೇ ಹಾಕಿದ್ದು. ಸಾಮಾನ್ಯವಾಗಿ 4ರಿಂದ 6 ವಾರ ಪಟ್ಟಿ, ಅಂಗೈ ಮೇಲೆ ಕೆಳಗೆ ತಿರುಗಿಸುವಂತಿಲ್ಲ. ಆಮೇಲೆ ಫಿಸಿಯೋ. ರೊಟ್ಟಿ ಬಡಿಯುವುದು ಮತ್ತೂ ತಡ. ಮನೆಯಲ್ಲಿ ಯಾರು ಬಡಿಯುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅವ್ವ ಸುಮ್ನೆ ಕೂಡುವುದಿಲ್ಲ.

ಅವ್ವನಿಗೆ ಹೆದರಿಕೆ ಇದ್ದರೆ ಇದನ್ನು ಹೇಳಿ. ನನಗೆ ಭುಜದ ಹತ್ತಿರ ಸೂಜಿ ಹಾಕಿ ಕೈ ಮಾತ್ರ ಮರಗಟ್ಟಿಸಿದರು. ಬೆರಳಿಗೆ ಜಾಳಿಗೆಯ ಉದ್ದ ಟೊಪ್ಪಿಗೆ ತೊಡಿಸಿ, ಮೊಣಕೈ ಮಡಿಸಿ, ಕೈಯನ್ನು ಮೇಲಕ್ಕೆ ತೂಗುಹಾಕಿದರು. ಹಾಗೆ ಜಗ್ಗಿದರೇನೇ ಎಲುಬುಗಳ ನಡುವೆ ಸಂದಿ ಬಿಡುತ್ತದೆ. ಕ್ಯಾಮೆರಾ ದಪ್ಪ 2ರಿಂದ 2.7 ಮಿ.ಮೀ. ಅಷ್ಟೇ. ತೂತುಗಳು ಹೆಚ್ಚಾಗಿ ಮಣಿಕಟ್ಟಿನ ಹಿಂಬದಿಯಲ್ಲಿ, ಹಗ್ಗದಂತಿರುವ ಸ್ನಾಯುರಜ್ಜುಗಳ ನಡುವೆ. ದೊಡ್ಡ ರಕ್ತನಾಳಗಳು ಅಂಗೈ ಕಡೆ ಇರುವುದರಿಂದ ಹಿಂಬದಿಯೇ ಅನುಕೂಲ.

ಉತ್ತರ, ಬೀದರಿನಿಂದ: ನನ್ನದು ಬೇರೆ. ಮಣಿಕಟ್ಟಿನ ಮೇಲಿನ ಗಂಟು, ಗ್ಯಾಂಗ್ಲಿಯಾನ್. ಇದೇ ರೀತಿ ತೆಗೆದರು, ಅದೇ ದಿನ ಮನೆಗೆ ಕಳಿಸಿದರು. ಒಳಗೆ ಸಲೈನ್ ಬಿಡುವುದರಿಂದ ಕೈ ಊದಿತ್ತು, ಇಳಿಯಿತು. ಆದರೆ ಕಿರುಬೆರಳಿನ ಹಿಂದೆ ಚರ್ಮ ಜುಮ್ ಅನ್ನುವುದು ಬಹಳ ದಿನ ಇತ್ತು. ಅಲ್ಲಿ ಚರ್ಮದಡಿಯಲ್ಲೇ ಸಣ್ಣ ನರ ಹಾಯುತ್ತದೆ, ಅದಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಮಾಡಿಸಿಕೊಂಡ ಮೇಲೆ ಜುಮ್ಮು ಜಾಸ್ತಿಯಾದರೆ, ಊತದ ಜೊತೆ ಜ್ವರ ಬಂದರೆ, ಕಾಯಬೇಡಿ, ತೋರಿಸಿ.

ಮತ್ತೆ ಶಹಾಬಾದಿನಿಂದ: ಒಂದು ಮಾತು ಬಿಟ್ಟಿದ್ದೆ. ಎಕ್ಸ್‌ರೇ ಇಟ್ಟುಕೊಂಡು ಕೇಳಿ: ಮುಂಗೈಯ ಎರಡು ಎಲುಬುಗಳಲ್ಲಿ ಕಿರುಬೆರಳ ಕಡೆಯದು ಪಕ್ಕದ್ದಕ್ಕಿಂತ ಉದ್ದ ಇದೆಯಾ? ಇದ್ದರೆ ಅದೇ ಗಾದಿಯನ್ನು ಒತ್ತುತ್ತಿರಬಹುದು. ಆಗ ಬರೀ ಸಾಪು ಮಾಡಿದರೆ ನೋವು ಉಳಿಯಬಹುದು, ಕೆಲವರಿಗೆ ಎಲುಬನ್ನೂ ಸ್ವಲ್ಪ ಗಿಡ್ಡ ಮಾಡಬೇಕಾಗುತ್ತದೆ. ಇದನ್ನು ಕೈ ಆಪರೇಷನ್ನೇ ಹೆಚ್ಚು ಮಾಡುವ ಡಾಕ್ಟರ್ ಹತ್ತಿರ ಕೇಳಿ. ಹೈದರಾಬಾದ್ ಅಥವಾ ಸೊಲ್ಲಾಪುರಕ್ಕೆ ಹೋಗುವುದಾದರೂ ಎಂಆರ್‌ಐ ಸಿಡಿ, ಎಕ್ಸ್‌ರೇ ಎರಡೂ ಒಯ್ಯಿರಿ, ಬರೀ ರಿಪೋರ್ಟ್ ಹಾಳೆ ಸಾಲದು.