ಸ್ಫಟಿಕ ಮಾಲೆಯ ಗುಂಡುಮಣಿಗೆ ಮೂಲೆಯೇ ಇಲ್ಲ, ಅದು ಹರಳು ಹೇಗಾಗುತ್ತೆ?

ಹಾಸನದ ಹುಡುಗ: ಅಮ್ಮನ ಜಪಕ್ಕೆ ಸ್ಫಟಿಕ ಮಾಲೆ ಕೊಂಡೆ. ಗೆಳೆಯರೊಬ್ಬರು "ಹರಳು ಅಂದ್ರೆ ಚೂಪು ಮೂಲೆ ಇರಬೇಕು, ಗುಂಡಗಿರೋದು ಗಾಜು" ಅಂತಾರೆ. ಮಾರಿದವರು "ಮುಟ್ಟಿದ್ರೆ ತಣ್ಣಗಿದೆ, ಲಕ್ಷಾಂತರ ವರ್ಷ ಬೆಳೆದ ಕಲ್ಲು" ಅಂದಿದ್ದರು. ಯಾರನ್ನ ನಂಬಲಿ?

ಬಂಡೆಗಲ್ಲು: ಗೆಳೆಯರ ಮಾತು ಬಿಡಿ. ಮಣಿಯನ್ನು ಉಜ್ಜಿ ಗುಂಡಗೆ ಮಾಡಿರ್ತಾರೆ, ಅದರಿಂದ ಒಳಗಿನ ಪರಮಾಣುಗಳ ಜೋಡಣೆ ಕೆಡಲ್ಲ. ಒಂದೇ ಕ್ರಮ ಮತ್ತೆ ಮತ್ತೆ ಬರುವ ಆ ಜೋಡಣೆಯೇ ಹರಳಿನ ಗುರುತು. ಗಾಜಿನಲ್ಲೂ ಬಹುಪಾಲು ಸ್ಫಟಿಕದಲ್ಲಿರೋ ಅದೇ ಸಿಲಿಕಾನ್, ಆಮ್ಲಜನಕ. ಆದರೆ ಕರಗಿದ ಪಾಕ ಬೇಗ ತಣಿದು, ಪರಮಾಣುಗಳು ಸಾಲುಗಟ್ಟುವ ಮೊದಲೇ ಗಟ್ಟಿಯಾಗಿರುತ್ತೆ. ಹೊಲದಲ್ಲಿ ಬಿದ್ದಿರೋ ಬಿಳಿ ಬೆಣಚುಕಲ್ಲಿಗೆ ಮೂಲೆಯೂ ಇಲ್ಲ, ಹೊಳಪೂ ಇಲ್ಲ, ಆದರೂ ಅದು ಸ್ಫಟಿಕದ್ದೇ ವಸ್ತು. ಬೆಳೆಯುವಾಗ ಸುತ್ತ ಜಾಗ ಸಿಕ್ಕಿದ್ದರೆ ಅದಕ್ಕೂ ಆರು ಮುಖದ ಕಂಬದ ಆಕಾರ ಬರ್ತಿತ್ತು.

ಕುಂದಾಪ್ರದ ಹೆಣ್ಣು: ಹಾಗಾದ್ರೆ ಕಬ್ಬಿಣಾನೂ ಹರಳಾ?

ಬಂಡೆಗಲ್ಲು: ಹೌದು. ಕಬ್ಬಿಣ, ತಾಮ್ರ, ಚಿನ್ನ ಎಲ್ಲವೂ ಸಣ್ಣ ಸಣ್ಣ ಹರಳುಗಳ ಗುಂಪು. ಸತು ಲೇಪಿಸಿದ ಬಕೆಟ್ ಮೇಲೆ ಹೊಳೆಯುವ ಚಕ್ಕೆಗಳಿರ್ತಾವಲ್ಲ, ಅವು ಸತುವಿನ ಹರಳುಗಳು.

ವಿಜ್ಞಾನದ ಮೇಷ್ಟ್ರು: "ಲಕ್ಷಾಂತರ ವರ್ಷ" ಅನ್ನೋದನ್ನೂ ಸ್ವಲ್ಪ ನೋಡೋಣ. ಬಿಸಿನೀರಿನಲ್ಲಿ ಕರಗುವಷ್ಟೂ ಪಟಿಕ ಕರಗಿಸಿ, ದಾರ ಇಳಿಬಿಟ್ಟು, ಅಲುಗಾಡಿಸದೆ ಇಡಿ. ಬೆಳಗಾಗುವಷ್ಟರಲ್ಲಿ ಎಂಟು ಮುಖದ ಪುಟ್ಟ ಹರಳುಗಳು ಕಟ್ಟಿರ್ತವೆ. ಮೆಕ್ಸಿಕೋದ ನಾಯ್ಕಾ ಗಣಿಯ ಗುಹೆಯಲ್ಲಿ ಇದಕ್ಕೆ ತೀರಾ ವಿರುದ್ಧ. 2000ದಲ್ಲಿ ಸಿಕ್ಕ ಆ ಜಿಪ್ಸಂ ಹರಳುಗಳಲ್ಲಿ ಕೆಲವು 11 ಮೀಟರ್ ಉದ್ದ. ಸುಮಾರು 58 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿದ್ದು ಲಕ್ಷಾಂತರ ವರ್ಷ ಬೆಳೆದವು. ನೀರಿನ ಬಿಸಿ ಬಹಳ ನಿಧಾನವಾಗಿ ಇಳಿದದ್ದರಿಂದ ಹೊಸ ಹರಳುಗಳು ಹೆಚ್ಚು ಹುಟ್ಟಲಿಲ್ಲ, ಇದ್ದವೇ ದೊಡ್ಡದಾದವು. ಎಷ್ಟು ಕಾಲ ಬೇಕು ಅನ್ನೋದು ಪರಿಸ್ಥಿತಿಗೆ ಬಿಟ್ಟದ್ದು.

ಶ್ರದ್ಧಾವಂತ: ಇರಲಿ ಮೇಷ್ಟ್ರೇ. ಆದರೆ ಕಾರ್ಖಾನೆಯಲ್ಲಿ ಬೆಳೆಸಿದ್ದು ನಕಲಿ ಅಲ್ಲವೇ?

ವಿಜ್ಞಾನದ ಮೇಷ್ಟ್ರು: ನಕಲಿ ಅನ್ನಲಾರೆ. ಕೈಗಡಿಯಾರದ ಕ್ವಾರ್ಟ್ಜ್ (ಸ್ಫಟಿಕದ್ದೇ ವಸ್ತು) ಅನ್ನು ಉಕ್ಕಿನ ಪಾತ್ರೆಯಲ್ಲಿ, ಭಾರೀ ಒತ್ತಡದಲ್ಲಿ, ಸುಮಾರು 350 ಡಿಗ್ರಿ ಬಿಸಿಯಲ್ಲಿ ಕೆಲವು ವಾರ ಬೆಳೆಸ್ತಾರೆ. ರಚನೆ ನೆಲದಡಿಯ ಸ್ಫಟಿಕದ್ದೇ. ಬೆಳೆಸಿದ್ದನ್ನು ಗಣಿಯದ್ದು ಅಂತ ಮಾರಿದರೆ ಮೋಸ. ಅದು ಮಾರಿದವರ ತಪ್ಪು, ಹರಳಿನದ್ದಲ್ಲ.

ಶ್ರದ್ಧಾವಂತ: ಒಪ್ಪಲಾರೆ. ಜಪಕ್ಕೆ ಭೂಮಿಯಿಂದ ಬಂದದ್ದೇ ಆಗಬೇಕು ಅನ್ನೋದು ನಮ್ಮ ಮನೆಯ ಪದ್ಧತಿ.

ಬಂಡೆಗಲ್ಲು: ಪದ್ಧತಿಗೆ ನನ್ನ ತಕರಾರಿಲ್ಲ ಸರ್. ಅದಕ್ಕೇ ಬಿಲ್ ಮೇಲೆ "ನೈಸರ್ಗಿಕ" ಅಂತ ಬರೆಸಿಕೊಳ್ಳಿ. ಹುಡುಗನಿಗೊಂದು ಮಾತು: ತಂಪು ನಂಬಬೇಡ, ಗಾಜೂ ಮುಟ್ಟಿದ ತಕ್ಷಣ ತಣ್ಣಗೇ ಇರುತ್ತೆ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಪರದೆ ಕಪ್ಪಾಗುವವರೆಗೆ ತಿರುಗಿಸು. ನಡುವೆ ಮಣಿ ಹಿಡಿದು ಹೊರಳಿಸು. ಸ್ಫಟಿಕವಾದರೆ ಬಣ್ಣದ ಪಟ್ಟೆ, ಉಂಗುರ ಕಾಣುತ್ತೆ. ಗಾಜಿನಲ್ಲಿ ಅಂಥ ಉಂಗುರ ಬರಲ್ಲ. ಆದರೆ ಗಣಿಯದ್ದೋ, ಬೆಳೆಸಿದ್ದೋ ಅಂತ ಇದು ಹೇಳಲ್ಲ. ಅದಕ್ಕೆ ರತ್ನ ಪರೀಕ್ಷೆಯ ಲ್ಯಾಬಿಗೇ ಹೋಗಬೇಕು.