ಅತ್ತೆಯ ಅಟ್ಟದ ನೊಣಗಳು

ಅತ್ತೆ: [ವಿಡಿಯೊ] ಸ್ಟೋರ್ ರೂಮಿನ ಕಿಟಕಿ ಗಾಜಿನ ಮೇಲೆ ನಿನ್ನೆಯಿಂದ ಈ ಸಣ್ಣ ನೊಣಗಳು ಓಡಾಡುತ್ತಿವೆ. ಅಟ್ಟದ ಕಡೆಯಿಂದ ಕೊಳೆತ ವಾಸನೆಯೂ ಬರುತ್ತಿದೆ. ಇವು ಯಾವ ನೊಣಗಳೆಂದು ಬಲ್ಲವರು ತಿಳಿಸಿ.

ಚಿಕ್ಕಪ್ಪ: ಕಳಿತ ಬಾಳೆಹಣ್ಣಿಗೆ ಮುತ್ತುವ ನೊಣಗಳೇ ಇವು, ಅಕ್ಕ. ಒಂದು ಸಲ ಸ್ಪ್ರೇ ಹೊಡೆದರೆ ಸಾಕು. ಇದಕ್ಕಾಗಿ ಗುಂಪಿನಲ್ಲಿ ಸಭೆ ಸೇರಿಸಬೇಕಾಗಿಲ್ಲ.

ನಾನು: ಕ್ಷಮಿಸಿ ಚಿಕ್ಕಪ್ಪ, ನಾನು ಒಪ್ಪುವುದಿಲ್ಲ. ಹಣ್ಣಿಗೆ ಮುತ್ತುವ ನೊಣದ ಕಣ್ಣು ಸಾಮಾನ್ಯವಾಗಿ ಕೆಂಪಗಿರುತ್ತದೆ, ಅದು ಗಾಳಿಯಲ್ಲಿ ತೇಲಿದಂತೆ ನಿಧಾನವಾಗಿ ಹಾರುತ್ತದೆ. ವಿಡಿಯೊದಲ್ಲಿರುವುದು ಅತ್ತೆ ಬೆರಳು ಹತ್ತಿರ ತಂದರೂ ಹಾರದೆ, ಗಾಜಿನ ಮೇಲೆ ಸರ್ರನೆ ಓಡಿ, ಗಕ್ಕನೆ ನಿಂತು, ದಿಕ್ಕು ಬದಲಿಸಿ ಮತ್ತೆ ಓಡುತ್ತಿದೆ. ಎದೆಭಾಗ ಗೂನಿನಂತೆ ಉಬ್ಬಿ ತಲೆ ಕೆಳಕ್ಕೆ ಬಾಗಿರುವುದನ್ನೂ, ರೆಕ್ಕೆಯ ಮುಂದಂಚಿನಲ್ಲಿ ಮಾತ್ರ ದಪ್ಪ ಕಪ್ಪು ನರಗಳಿದ್ದು ಉಳಿದವು ಕಂಡೂ ಕಾಣದಂತಿರುವುದನ್ನೂ ಸೇರಿಸಿ ನೋಡಿದರೆ ಇದು ಫೋರಿಡ್ ಕುಟುಂಬದ ನೊಣ.

ದೊಡ್ಡಪ್ಪ: [ಫಾರ್ವರ್ಡ್ ಆದ ಸಂದೇಶ] ಇದರಲ್ಲಿ ಬರೆದಿರುವ ಶವಪೆಟ್ಟಿಗೆ ನೊಣ ಇದೇ ಅಲ್ಲವೇ? ಹೆಣವಿಲ್ಲದ ಕಡೆ ಇದು ಕಾಣಿಸುವುದೇ ಇಲ್ಲವಂತೆ. ಮನೆಯಲ್ಲಿ ಶಾಂತಿ ಮಾಡಿಸುವುದು ಒಳ್ಳೆಯದು.

ನಾನು: ದೊಡ್ಡಪ್ಪ, ಆ ಹೆಸರು ಮುಖ್ಯವಾಗಿ ಕೋನಿಸೆರಾ ಟಿಬಿಯಾಲಿಸ್ ಎಂಬ ಪ್ರಭೇದದ್ದು; ಯುರೋಪಿನಲ್ಲಿ ಹೂತ ಶವಗಳವರೆಗೂ ಅದು ಮಣ್ಣಿನೊಳಗೆ ಇಳಿಯುತ್ತದೆ. ಆದರೆ ಈ ಕುಟುಂಬದಲ್ಲಿ 4,000ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮಂಥ ಬಿಸಿಲು ನಾಡುಗಳಲ್ಲಿ ಸಾಮಾನ್ಯವಾದ ಮೆಗಾಸೇಲಿಯಾ ಸ್ಕಲಾರಿಸ್ ಸತ್ತ ಇಲಿಯಲ್ಲೂ, ಕೊಳೆತ ಈರುಳ್ಳಿಯಲ್ಲೂ, ಬಚ್ಚಲ ಪೈಪಿನ ಲೋಳೆಯಲ್ಲೂ ಬೆಳೆಯುತ್ತದೆ. ಆದ್ದರಿಂದ ನೊಣದ ಗುರುತು ಸಿಕ್ಕಿತೆಂದರೆ ಅದು ಎಲ್ಲಿಂದ ಬಂತೆಂಬುದು ಸಿಕ್ಕಿದಂತಲ್ಲ. ಶಾಂತಿಗಿಂತ ಮೊದಲು ಪೈಪನ್ನು ನೋಡೋಣ.

ದೊಡ್ಡಪ್ಪ: ಜಾಲರಿ ಹಾಕಿ ಬಾಗಿಲು ಮುಚ್ಚಿದ ಕೋಣೆಗೆ ನೊಣ ಹೇಗೆ ಬಂತು? ಕೊಳೆತದ್ದರಿಂದಲೇ ತಾನಾಗಿ ಹುಟ್ಟಿರಬೇಕು.

ನಾನು: ಆ ವಾದವನ್ನು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ಪರೀಕ್ಷಿಸಿದ್ದ. ಬಾಯಿ ತೆರೆದ ಪಾತ್ರೆಯ ಮಾಂಸದಲ್ಲಿ ಹುಳುವಾಯಿತು, ಬಟ್ಟೆ ಕಟ್ಟಿದ ಪಾತ್ರೆಯ ಮಾಂಸದಲ್ಲಿ ಆಗಲಿಲ್ಲ. ಹಸಿರು-ನೀಲಿ ಹೊಳಪಿನ ದೊಡ್ಡ ನೊಣಗಳನ್ನು ನಿಮ್ಮ ಜಾಲರಿ ತಡೆದಿರಬಹುದು. ಎರಡು ಮೂರು ಮಿಲಿಮೀಟರಿನ ಇವುಗಳಿಗೆ ಬಾಗಿಲ ಸಂದು ಧಾರಾಳವಾಯಿತು.

ಚಿಕ್ಕಪ್ಪ: ಎಂ.ಎಸ್ಸಿ. ಪಾಠ ಚೆನ್ನಾಗಿದೆ ಪುಟ್ಟಿ. ಯಾವುದೇ ನೊಣವಾದರೂ ಸ್ಪ್ರೇಗೆ ಸಾಯುವುದಿಲ್ಲವೇ?

ನಾನು: ಹಾರುವವು ಸಾಯುತ್ತವೆ, ಒಳಗಿರುವ ಹುಳುಗಳು ಉಳಿದು ಒಂದೆರಡು ವಾರಗಳಲ್ಲಿ ಮತ್ತೆ ನೊಣಗಳಾಗಿ ಬರುತ್ತವೆ. ಅತ್ತೆ, ಇಂದು ರಾತ್ರಿ ಬಚ್ಚಲಿನ ಜಾಲಿಯ ಮೇಲೆ ಸೆಲ್ಲೋಟೇಪನ್ನು ಅಂಟಿನ ಮುಖ ಕೆಳಗಾಗಿ, ನಡುವೆ ಸ್ವಲ್ಪ ಗಾಳಿಯಾಡುವಂತೆ ಅಂಟಿಸಿಡಿ. ಪೈಪಿನಿಂದ ಬರುತ್ತಿದ್ದರೆ ಬೆಳಿಗ್ಗೆ ಟೇಪಿಗೆ ಅಂಟಿರುತ್ತವೆ. ಅಂಟಿದ್ದರಲ್ಲಿ ಮೈತುಂಬ ರೋಮವಿದ್ದು ಪುಟ್ಟ ಪತಂಗದಂತೆ ಕಂಡರೆ ಅದು ಬಚ್ಚಲ ನೊಣ, ಬೇರೆಯೇ ಜಾತಿ.

(ಮರುದಿನ)

ಅತ್ತೆ: ಟೇಪಿಗೆ ಒಂದೂ ಅಂಟಿಲ್ಲ. ಅಟ್ಟದ ಹಳೆಯ ರಟ್ಟಿನ ಪೆಟ್ಟಿಗೆಯ ಬುಡದಲ್ಲಿ ಒಡೆದ ಅಕ್ಕಿ ಕಾಳಿಗಿಂತಲೂ ಸಣ್ಣದಾದ ಕಂದು ಬಣ್ಣದ ಏನೋ ಅಂಟಿಕೊಂಡಿವೆ. [ಫೋಟೊ]

ನಾನು: ಫೋಟೊ ದೊಡ್ಡದು ಮಾಡಿ ನೋಡಿ: ಪ್ರತಿಯೊಂದರ ಮುಂಭಾಗದಲ್ಲಿ ಕೂದಲೆಳೆಯಂಥ ಎರಡು ಕೊಂಬುಗಳಿವೆ. ಅವು ಉಸಿರಾಟದ ನಳಿಕೆಗಳು; ಇವು ಫೋರಿಡ್ ನೊಣದ ಕೋಶಗಳು, ಅಂದರೆ ಹುಳು ನೊಣವಾಗಿ ಬದಲಾಗುವ ಗೂಡುಗಳು. ಟೇಪು ಖಾಲಿಯಿದೆ, ಕೊಳೆತ ವಾಸನೆಯೂ ಅಟ್ಟದ್ದೇ; ಹಾಗಾಗಿ ಸತ್ತ ಇಲಿ ಆ ಪೆಟ್ಟಿಗೆಯ ಹಿಂದೆಯೋ ಕೆಳಗೋ ಇರಬೇಕು.

ಚಿಕ್ಕಪ್ಪ: ಹಾಗಾದರೆ ಕೊನೆಗೂ ಅಣ್ಣ ಹೇಳಿದ ಹೆಣವೇ ಆಯಿತಲ್ಲ!

ದೊಡ್ಡಪ್ಪ: ನಾನು ಇಲಿಯ ಹೆಣವೆಂದು ಹೇಳಿರಲಿಲ್ಲ. ಆದರೂ ದಾಖಲೆಗಿರಲಿ.

ನಾನು: ಅತ್ತೆ, ಕೈಗವಸು ತೊಟ್ಟು ಇಲಿಯನ್ನಷ್ಟೇ ಅಲ್ಲ, ಆ ಪೆಟ್ಟಿಗೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಸಾಗಿಸಿ, ಕೋಶಗಳು ಉಳಿದರೆ ಇನ್ನೊಂದು ತಂಡ ಹೊರಬರುತ್ತದೆ.

ಅತ್ತೆ: ಪೆಟ್ಟಿಗೆಯೊಳಗೆ ನಿನ್ನ ಚಿಕ್ಕಪ್ಪನ ಕಾಲೇಜು ನೋಟ್ಸ್ ಇವೆ. ಅವನನ್ನೇ ಕೇಳು.